ಚರ್ಚ್ ಗೋಡೆಯ ಹಂದಿ

ಮಾನ್ಯರೇ,

ಜರ್ಮನಿಯ ವಿಟೆನ್‌ಬರ್ಗ್ ಎಂದರೆ ನಮಗೆ ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ನೆನಪಾಗುತ್ತಾನೆ. ಅವನು ಪ್ರವಚನ ಕೊಡುತ್ತಿದ್ದ ಚರ್ಚಿನ ಹೊರಗೋಡೆಯಲ್ಲಿ, ತಲೆಯೆತ್ತಿ ನೋಡುವಷ್ಟು ಮೇಲೆ, 13ನೇ ಶತಮಾನದ ಒಂದು ಕಲ್ಲಿನ ಕೆತ್ತನೆ ಇದೆ. ಒಂದು ಹೆಣ್ಣು ಹಂದಿ. ಚೂಪು ಟೋಪಿ ಹಾಕಿದ ಯಹೂದಿಗಳು ಅದರ ಮೊಲೆಗೆ ಬಾಯಿ ಹಾಕಿದ್ದಾರೆ. ಒಬ್ಬ ರಬ್ಬಿ (ಯಹೂದಿ ಧರ್ಮಗುರು) ಬಾಲ ಎತ್ತಿ ಹಿಂದೆ ಇಣುಕುತ್ತಿದ್ದಾನೆ. ಯಹೂದಿಗಳು ಹಂದಿಯನ್ನು ಮುಟ್ಟುವುದಿಲ್ಲ ಎಂದು ಗೊತ್ತಿದ್ದೇ ಕೆತ್ತಿದ್ದು. ಓದು ಬಾರದ ಭಕ್ತನಿಗೂ ಥಟ್ಟನೆ ಅರ್ಥವಾಗಬೇಕಲ್ವಾ! 1543ರಲ್ಲಿ ಲೂಥರ್ ಕೂಡ ಇದೇ ಕೆತ್ತನೆಯನ್ನು ತೋರಿಸಿ ಯಹೂದಿಗಳನ್ನು ಹಂಗಿಸಿ ಬರೆದ.

ಇಂಥ ಹಂದಿಗಳು ರೇಗನ್ಸ್‌ಬರ್ಗ್, ಕಲೋನ್ ಚರ್ಚುಗಳಲ್ಲೂ ಇವೆ.

ವಿಟೆನ್‌ಬರ್ಗ್‌ನದನ್ನು ತೆಗೆಸಿ ಎಂದು ಯಹೂದಿಯೊಬ್ಬರು ಕೋರ್ಟಿಗೆ ಹೋದರು. 2022ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ, ಕೆತ್ತನೆ ಅವಮಾನಕರವೇ ಹೌದು, ಆದರೆ 1988ರಲ್ಲಿ ಕೆಳಗೆ ನೆಲದಲ್ಲಿ ಸ್ಮಾರಕ ಫಲಕ ಹಾಕಿದ್ದಾರೆ, ಪಕ್ಕದಲ್ಲಿ ವಿವರಣೆಯೂ ಇದೆ, ಹಾಗಾಗಿ ಇರಲಿ ಎಂದಿತು.

ನನಗಿದು ಒಪ್ಪಿಗೆಯಿಲ್ಲ. ಒಡೆದು ಹಾಕಿ ಎನ್ನುತ್ತಿಲ್ಲ, ಒಡೆದರೆ ಸಾಕ್ಷಿಯೇ ಹೋಗುತ್ತದೆ. ಆದರೆ ಬೈಗುಳ ಮೇಲೆ, ಕ್ಷಮೆ ಕಾಲ ಕೆಳಗೆ, ಇದ್ಯಾವ ಲೆಕ್ಕ? ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಚರ್ಚಿನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ಮುರಿದ ಕೋಲು ಹಿಡಿಸಿ ಯಹೂದಿ ಧರ್ಮವನ್ನು ಸೋತ ಹೆಣ್ಣಾಗಿ ತೋರಿಸಿದ್ದಾರೆ. ಅದರ ಮೂಲ ವಿಗ್ರಹ ಈಗ ಮ್ಯೂಸಿಯಂನಲ್ಲಿದೆ. ಈ ಹಂದಿಯನ್ನೂ ಹಾಗೇ ಒಳಗೆ ಸಾಗಿಸಲಿ, ಪೂರ್ತಿ ಕಥೆ ಬರೆದು ಪಕ್ಕದಲ್ಲೇ ಇಡಲಿ.

– ಒಬ್ಬ ಓದುಗ, ಮೈಸೂರು