ಮನೆ ಗಾಡಿ ಕೊಳ್ಳುವ ಮುಂಚೆ ನನ್ನ ಲೆಕ್ಕದ ಪುಸ್ತಕ ನೋಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಕ್ಯಾರವಾನ್, ಅಂದರೆ ಒಳಗೇ ಅಡುಗೆ ಮಾಡಿ ಮಲಗುವಂಥ ಮನೆ ಗಾಡಿಯ ಬಗ್ಗೆ ಬಂದ ಬರಹ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಖರ್ಚಿನ ಮಾತು ಮಾತ್ರ ಒಂದು ಸಾಲೂ ಇರಲಿಲ್ಲ. ಮರುದಿನವೇ ನಮ್ಮ ಓಣಿಯ ಇಬ್ಬರು ಪತ್ರಿಕೆ ಹಿಡಿದುಕೊಂಡು ಮನೆಗೆ ಬಂದರು. "ಸಿಸ್ಟರ್ರೀ, ನಾವೂ ಒಂದು ತಗೋಬೇಕಂತ ಮಾಡೀವ್ರಿ. ಎಷ್ಟು ಬೀಳ್ತೈತ್ರಿ?" ಅಂತ ಕೇಳಿದರು. ಇಬ್ಬರೂ ಈ ವರ್ಷ ನಿವೃತ್ತರಾದವರು. ಕೈಯಲ್ಲಿ ಗ್ರಾಚ್ಯುಟಿ ದುಡ್ಡು ಇದೆ. ಅವರಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳೋಣ ಅಂತ ಬರೆಯುತ್ತಿದ್ದೇನೆ.

ನಾನು ಗಂಗಾವತಿಯವಳು. 29 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ನಮ್ಮ ಯಜಮಾನರು ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು. 2021ರ ನವೆಂಬರಿನಲ್ಲಿ ಒಂದು ಹಳೆಯ ಟೆಂಪೊ ಟ್ರಾವೆಲರ್ ಕೊಂಡೆವು. 2016ರ ಮಾಡೆಲ್, ಬೆಲೆ 6.4 ಲಕ್ಷ. ಒಳಗೆ ಮಂಚ, ಪುಟ್ಟ ಅಡುಗೆ ಕಟ್ಟೆ, ಫ್ರಿಜ್ಜು, 100 ಲೀಟರಿನ ನೀರಿನ ಟ್ಯಾಂಕು, ಬ್ಯಾಟರಿ, ಮೇಲೆ ಸೋಲಾರ್, ಮೂಲೆಯಲ್ಲಿ ಒಂದು ಸಣ್ಣ ಶೌಚಾಲಯ. ಇಷ್ಟಕ್ಕೆ 5.6 ಲಕ್ಷ ಹಿಡಿಯಿತು. ತೆರಿಗೆ, ಆರ್‌ಟಿಒ ಕಾಗದಪತ್ರ, ಓಡಾಟ ಅಂತ ಇನ್ನೊಂದು 1.2 ಲಕ್ಷ. ಒಟ್ಟು 13.2 ಲಕ್ಷ. ಓಣಿಯ ಮಕ್ಕಳು ಇದನ್ನು "ಮನಿ ಗಾಡಿ" ಅಂತಾರೆ. ನಮಗೂ ಅದೇ ರೂಢಿಯಾಗಿದೆ.

ಕೊಂಡಿದ್ದು ಅತ್ತೆಯವರಿಗಾಗಿ. ಆಗ ಅವರಿಗೆ 77. ಸಕ್ಕರೆ ಕಾಯಿಲೆ, ಜೊತೆಗೆ ಮೊಣಕಾಲು ನೋವು. ಕೆಳಗೆ ಕೂರೋಕೆ ಆಗಲ್ಲ, ಗಂಟೆಗೊಮ್ಮೆ ಮೂತ್ರಕ್ಕೆ ಏಳಲೇಬೇಕು. ಹತ್ತು ವರ್ಷದಿಂದ ಅವರು ಊರು ಬಿಟ್ಟು ಹೊರಟಿರಲಿಲ್ಲ. ಸ್ವಂತ ತಮ್ಮನ ಮಗಳ ಮದುವೆಗೂ ಹೋಗಲಿಲ್ಲ. ಆಸ್ಪತ್ರೆಯಲ್ಲಿ ನಾನು ಇಂಥದ್ದನ್ನು ತುಂಬಾ ನೋಡಿದ್ದೇನೆ. ನಾಳೆ ಪ್ರಯಾಣ ಅಂದರೆ, ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ಇವತ್ತು ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುವ ಹೆಂಗಸರು ನಮ್ಮ ಕಡೆ ಎಷ್ಟೊಂದು ಜನ! ಜಾತ್ರೆ ಮುಗಿಸಿ ಬಂದ ಎರಡು ಮೂರು ದಿನಕ್ಕೆ ಉರಿಮೂತ್ರ ಅಂತ ನಮ್ಮ ಮುಂದೆ ಬಂದು ನಿಲ್ಲುತ್ತಿದ್ದರು.

ಇನ್ನು ಕಾಗದದ ವಿಷಯ. ಇದನ್ನು ಯಾರೂ ಹಗುರ ಮಾಡಬೇಡಿ. ನಾವು ಮೊದಲು ಹೋದ ಶೆಡ್ಡಿನವರು 60 ಸಾವಿರ ಮುಂಗಡ ತೆಗೆದುಕೊಂಡು, "ಸೀಟು ಕಿತ್ತು ಮಂಚ ಹಾಕೋಕೆ ಯಾವ ಪರ್ಮಿಷನ್ನೂ ಬೇಡ, ಯಾರು ಕೇಳ್ತಾರೆ?" ಅಂದರು. ನಂಬಿದೆವು. ಪಕ್ಕದ ಮನೆಯ ವಕೀಲರ ಮಗಳು ನಮ್ಮನ್ನು ಕೂರಿಸಿ ಬಿಡಿಸಿ ಹೇಳಿದಳು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಕೆಲಸ ನಿಲ್ಲಿಸಿದೆವು. ಮುಂಗಡ ವಾಪಸ್ ಬರಲಿಲ್ಲ. ಈ 60 ಸಾವಿರ ನಾನು ಹೇಳಿದ ಲೆಕ್ಕದೊಳಗೇ ಇದೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾಯಿಸಿ, ಕ್ಯಾಂಪರ್ ವ್ಯಾನ್ ಅಂತ ಆರ್‌ಸಿಯಲ್ಲಿ ಬರೆಸುವ ಹೊತ್ತಿಗೆ ಏಳು ತಿಂಗಳು ಹಿಡಿಯಿತು. ಆರ್‌ಸಿಯ ಆ ಎರಡು ಪದ ಯಾಕೆ ಮುಖ್ಯ ಅನ್ನೋದು ಮಾರಲು ಹೊರಟಾಗ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ವಿಮೆಯಲ್ಲೂ ಒಂದು ಏಟು ತಿಂದಿದ್ದೇವೆ. 2022ರ ಕೊನೆಗೆ ಗದಗದ ದಾರಿಯಲ್ಲಿ ಟಿಪ್ಪರ್ ಒಂದು ಹಿಂದಿನಿಂದ ಗುದ್ದಿತು. ಬಾಗಿಲಿಗೆ, ಬಂಪರಿಗೆ ದುಡ್ಡು ಬಂತು. ಒಳಗೆ ಒಡೆದ ಸಿಂಕು, ಕಪಾಟು, ಫ್ರಿಜ್ಜಿಗೆ ಬರಲಿಲ್ಲ. ಅವನ್ನು ನಾವು ಪಾಲಿಸಿಯಲ್ಲಿ ಬರೆಸಿರಲೇ ಇಲ್ಲ. 38 ಸಾವಿರ ಕೈಯಿಂದ ಹೋಯಿತು. ಈಗ ಒಳಗಿನ ಸಾಮಾನಿನ ಬಿಲ್‌ಗಳನ್ನೆಲ್ಲ ಕೊಟ್ಟು, ಬೆಲೆ ಸಮೇತ ಬರೆಸುತ್ತೇವೆ. ಪ್ರೀಮಿಯಂ ಜಾಸ್ತಿ ಬೀಳುತ್ತದೆ, ಬೀಳಲಿ.

2023-24ರ ಲೆಕ್ಕ ನನ್ನ ಪುಸ್ತಕದಿಂದ ಹಾಗೇ ಬರೆಯುತ್ತೇನೆ. ಆ ವರ್ಷ 46 ದಿನ ಹೊರಗಿದ್ದೆವು. 5,200 ಕಿ.ಮೀ. ಓಡಿತು. ಲೀಟರಿಗೆ ಹತ್ತು ಕಿ.ಮೀ. ಲೆಕ್ಕದಲ್ಲಿ ಡೀಸೆಲ್‌ಗೆ 46 ಸಾವಿರ. ವಿಮೆ 21 ಸಾವಿರ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ 18,500. ಯಜಮಾನರೇ ಮೆಕ್ಯಾನಿಕ್ ಆಗಿದ್ದಕ್ಕೆ ಇಷ್ಟರಲ್ಲಿ ಮುಗಿಯಿತು. ಟೋಲ್ 9 ಸಾವಿರ. ನಾಲ್ಕು ಟೈರಿಗೆ 31 ಸಾವಿರ. ನಮ್ಮ ಓಣಿಯಲ್ಲಿ ಇಷ್ಟು ದೊಡ್ಡ ಗಾಡಿ ತಿರುಗುವುದಿಲ್ಲ. ಪರಿಚಯದವರ ರೈಸ್ ಮಿಲ್ಲಿನ ಅಂಗಳದಲ್ಲಿ ನಿಲ್ಲಿಸುತ್ತೇವೆ. ತಿಂಗಳಿಗೆ 1,500, ವರ್ಷಕ್ಕೆ 18 ಸಾವಿರ. ಕೂಡಿಸಿದರೆ 1,43,500. ದಿನಕ್ಕೆ 3,100 ರೂಪಾಯಿ ಮೇಲೆ ಬಿತ್ತು. ಗಾಡಿಯ ಬೆಲೆ ಇಳಿಯುವುದು ಇದರಲ್ಲಿ ಸೇರಿಲ್ಲ.

ಮಿಲ್ಲಿನ ಅಂಗಳ ಅಂದೆನಲ್ಲ. ಭತ್ತ ಇರುವ ಕಡೆ ಇಲಿ ಇರಲೇಬೇಕು. ಮೊದಲ ಬೇಸಿಗೆಯಲ್ಲೇ ವೈರಿಂಗ್ ಕಡಿದು ಹಾಕಿದವು. ರಿಪೇರಿಗೆ 14 ಸಾವಿರ. ನಿಂತ ಗಾಡಿಗೆ ಖರ್ಚಿಲ್ಲ ಅಂತ ಅಂದುಕೊಳ್ಳಬೇಡಿ. ನಮ್ಮ ಬಿಸಿಲಿನಲ್ಲಿ ಅದು ಮೂರು ತಿಂಗಳು ನಿಲ್ಲಲೇಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಏಪ್ರಿಲ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾ? ಮೊದಲ ವರ್ಷ ಪ್ಲೈವುಡ್ಡಿನ ಅಂಚಿಗೆ ಅಂಟಿಸಿದ್ದ ಪಟ್ಟಿಗಳೆಲ್ಲ ಬಿಸಿಲಿಗೆ ಬಿಟ್ಟುಕೊಂಡು ಸುರುಳಿ ಸುತ್ತಿದ್ದವು. ಎಸಿ ಹಾಕಿಕೊಂಡರಾಯಿತು ಅಂತಾರೆ ಕೆಲವರು. ನಮ್ಮ ಬ್ಯಾಟರಿ 200 ಆಂಪಿಯರ್-ಅವರ್, 12.8 ವೋಲ್ಟು. ಗುಣಿಸಿದರೆ ಎರಡೂವರೆ ಯೂನಿಟ್ ಕರೆಂಟು. ಒಂದು ಟನ್ನಿನ ಎಸಿ ಹಚ್ಚಿದರೆ ಎರಡು ಗಂಟೆ ಸ್ವಲ್ಪ ಮೇಲೆ, ಅಷ್ಟೇ. ಫ್ಯಾನು, ದೀಪ, ಸಣ್ಣ ಫ್ರಿಜ್ಜಿಗೆ ಮಾತ್ರ ಸೋಲಾರು ಚೆನ್ನಾಗಿ ಸಾಲುತ್ತದೆ.

ಭಾರದ ವಿಷಯಕ್ಕೂ ಗಮನ ಕೊಡಿ. ನೀರಿನ ಟ್ಯಾಂಕು, ಬ್ಯಾಟರಿ, ಅಡುಗೆ ಕಟ್ಟೆ ಎಲ್ಲವನ್ನೂ ಎಡಕ್ಕೇ ಕೂರಿಸಿದ್ದರು. ಎಂಟೇ ತಿಂಗಳಿಗೆ ಎಡಗಡೆಯ ಪಾಟಾ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ) ಕೂತುಬಿಟ್ಟಿತು. ಯಜಮಾನರು ಬ್ಯಾಟರಿಯನ್ನು ಬಲಕ್ಕೆ ತಂದ ಮೇಲೆ ಸರಿಹೋಯಿತು.

ಈಗ ಮಾರಾಟ. ಈ ವರ್ಷ ಯಜಮಾನರ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಇನ್ನು ಗಾಡಿ ಓಡಿಸುವುದು ಎಷ್ಟು ದಿನ ಅಂತ ಮಾರುವ ಯೋಚನೆ ಬಂತು. ಹುಬ್ಬಳ್ಳಿಯಿಂದ ಒಬ್ಬ ಡೀಲರ್ ಬಂದರು. ಒಳಗೆ ಹತ್ತಲೇ ಇಲ್ಲ. ಹೊರಗಿನಿಂದ ಸುತ್ತು ಹಾಕಿ, ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿದರು. ಅದರಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಆಮೇಲೆ ಐದು ಲಕ್ಷ ಅಂದರು. ಒಳಗಿನ ಕೆಲಸ ನೋಡಿ ಅಂದೆ. "ಅದನ್ನೆಲ್ಲ ಕಿತ್ತು ಮತ್ತೆ ಸೀಟು ಹಾಕ್ಬೇಕಲ್ರೀ ಮೇಡಂ, ಅದು ನನಗೆ ಖರ್ಚು" ಅಂದರು. 5.6 ಲಕ್ಷ ಕೊಟ್ಟು ಮಾಡಿಸಿದ್ದು ಅವರ ಕಣ್ಣಿಗೆ ಕಿತ್ತು ಹಾಕುವ ಕಸ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡು ವಾರ ಬಿಟ್ಟು ಬೆಂಗಳೂರಿನಿಂದ ಗಂಡ ಹೆಂಡತಿ ಬಂದು ನೋಡಿದರು. ಅವರು 7.5 ಲಕ್ಷ ಕೊಡುತ್ತೇವೆ ಅಂದರು. ಆ ಎರಡೂವರೆ ಲಕ್ಷದ ವ್ಯತ್ಯಾಸ ಬಂದಿದ್ದು ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್ ಅಂತ ಇದ್ದದ್ದಕ್ಕೆ. ಮತ್ತೆ ನನ್ನ ಪುಸ್ತಕಕ್ಕೆ. ಯಾವ ದಿನ ಆಯಿಲ್ ಬದಲಾಯಿಸಿದ್ದು, ಎಷ್ಟು ಕಿ.ಮೀ.ಗೆ ಅಂತ ಪ್ರತಿ ಪುಟ ತಿರುವಿ ನೋಡಿದರು. ಮಂಚದ ಕೆಳಗೆ ಕೈ ಹಾಕಿ ತೇವ ಇದೆಯಾ ಅಂತಲೂ ನೋಡಿದರು. ಅವರೂ ಒಂದು ಮಾತು ಕೇಳಿದರು: ನೋಂದಣಿ ಇನ್ನೆಷ್ಟು ವರ್ಷ ಇದೆ? ಖಾಸಗಿ ಗಾಡಿಗೆ 15 ವರ್ಷ. ನಮ್ಮದು 2031ಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸುತ್ತಾ ಹೋಗಬೇಕು. ಆ ಗಡುವು ಹತ್ತಿರ ಬಂದಷ್ಟೂ ಬೆಲೆ ಜಾರುತ್ತದೆ.

ಹೊಸ ಗಾಡಿ ಕೊಳ್ಳುತ್ತೇನೆ ಅನ್ನುವವರಿಗೂ ಇದೇ ಕಥೆ. ವಿಮೆಯವರ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದ ಗಾಡಿಗೆ 50% ಬೆಲೆ ಕಳೆದೇ ಹೋಗಿರುತ್ತದೆ. ನಮ್ಮದನ್ನೇ ನೋಡಿ. 13.2 ಲಕ್ಷ ಹಾಕಿದ್ದು, 7.5 ಬಂದರೆ ಹೆಚ್ಚು. ನಾಲ್ಕು ವರ್ಷಕ್ಕೆ 5.7 ಲಕ್ಷ ಹೋಯಿತು. ವರ್ಷಕ್ಕೆ 46 ದಿನ ಅಂತ ಹಿಡಿದು ಇದನ್ನೂ ಸೇರಿಸಿದರೆ ನಮ್ಮ ಒಂದು ದಿನದ ತಿರುಗಾಟಕ್ಕೆ ಆರು ಸಾವಿರದ ಮೇಲೆ ಬಿದ್ದಿದೆ. ಲಾಡ್ಜ್ ಖರ್ಚು ಉಳಿಸೋಕೆ ಅಂತ ಯಾರಾದರೂ ಮನೆ ಗಾಡಿ ಕೊಂಡರೆ ದೊಡ್ಡ ತಪ್ಪು ಮಾಡಿದಂತೆ. ಬೆಂಗಳೂರಿನಲ್ಲಿ ಇವು ಬಾಡಿಗೆಗೆ ಸಿಗುತ್ತವೆ. ಮೊದಲು ನಾಲ್ಕು ದಿನ ಬಾಡಿಗೆಗೆ ತಗೊಂಡು ಮಲಗಿ ನೋಡಿ. ಗ್ರಾಚ್ಯುಟಿ ದುಡ್ಡಿಗೆ ಕೈ ಹಾಕುವ ಮಾತು ಆಮೇಲೆ.

ಹಾಗಾದರೆ ಮಾರಿದಿರಾ ಅಂತ ಕೇಳುತ್ತೀರಿ. ಮಾರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ನಮ್ಮ ಕಡೆ ಯಾರ ಬಾಯಲ್ಲಿ ನೋಡಿದರೂ ಭತ್ತಕ್ಕೆ ನೀರು ಸಿಗುತ್ತೋ ಇಲ್ಲವೋ ಅನ್ನುವುದೇ ಮಾತು. ಅದೇ ಅಕ್ಟೋಬರಿನಲ್ಲಿ ಅತ್ತೆಯವರನ್ನು ಗೋಕರ್ಣಕ್ಕೆ ಕರೆದುಕೊಂಡು ಹೋದೆವು. ಅರಬೈಲ್ ಘಾಟಿ ಇಳಿಯುವಾಗ ಮೂರು ಸಲ ನಿಲ್ಲಿಸಿದೆವು. ಪ್ರತಿ ಸಲ ಅವರು ಹಿಂದಿನ ಕೋಣೆಗೆ ತಾವೇ ಹೋಗಿ, ಕೈ ತೊಳೆದು, ಬಂದು ಕೂತರು. ಯಾರನ್ನೂ ಕೇಳಲಿಲ್ಲ, ನಾಚಲಿಲ್ಲ. ದಾರಿಯುದ್ದಕ್ಕೂ ತಂಬಿಗೆಯಿಂದ ನೀರು ಕುಡಿಯುತ್ತಿದ್ದರು. ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಬೆಳಗ್ಗೆ ಗಾಡಿಯ ಬಾಗಿಲು ತೆಗೆದಾಗ ಎದುರಿಗೆ ಸಮುದ್ರ. 80 ವರ್ಷಕ್ಕೆ ಮೊದಲ ಸಲ ನೋಡುತ್ತಿದ್ದರು. ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಷ್ಟು ನೀರು ಸುಮ್ನೆ ಬಿದ್ದೈತಲ್ಲಬೇ, ನಮ್ಮ ಕಾಲುವಿಗೆ ಬಿಡಾಕ ಬರಂಗಿಲ್ಲೇನು?" ಅಂತ ಕೇಳಿದರು. ಉಪ್ಪು ನೀರು ಅಂದರೆ ನಂಬಲಿಲ್ಲ. ಕೈಹಿಡಿದು ನಡೆಸಿಕೊಂಡು ಹೋಗಿ ಬೊಗಸೆಯಲ್ಲಿ ಕೊಟ್ಟೆ. ಬಾಯಿಗಿಟ್ಟು ಉಗುಳಿದರು. "ಅಯ್ಯ, ಭತ್ತ ಸುಟ್ಟು ಹೋಕ್ಕಾವು" ಅಂದರು. ಇದು ನನ್ನ ಲೆಕ್ಕದ ಪುಸ್ತಕದಲ್ಲಿ ಇಲ್ಲ.

ಕೊನೆಗೆ ಒಂದು ಬೇಡಿಕೆ ಇದೆ. ಹೋದ ವರ್ಷ ಒಂದು ಜಾತ್ರೆಯ ರಾತ್ರಿ ಗಾಡಿ ನಿಲ್ಲಿಸಿ ಮಲಗಿದ್ದೆವು. ಒಂದು ಗಂಟೆಗೆ ಯಾರೋ ಮೆತ್ತಗೆ ಬಾಗಿಲು ತಟ್ಟಿದರು. ಟ್ರ್ಯಾಕ್ಟರಿನಲ್ಲಿ ಬಂದಿದ್ದ ಹುಡುಗಿ, ಜೊತೆಗೆ ಅವಳ ತಾಯಿ. ಒಳಗೆ ಶೌಚಾಲಯ ಇದೆ ಅಂತ ಸಂಜೆಯೇ ನೋಡಿಕೊಂಡಿದ್ದರಂತೆ. ಬನ್ನಿ ಅಂದೆ. ಬೆಳಗಾಗುವ ಹೊತ್ತಿಗೆ ಹನ್ನೊಂದು ಹೆಂಗಸರು ಬಂದು ಹೋಗಿದ್ದರು.

ಅಂಜನಾದ್ರಿಯ 575 ಮೆಟ್ಟಿಲು ಹತ್ತಲು, ಹನುಮಮಾಲೆ ಬಿಚ್ಚಲು, ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ, ಕೊಪ್ಪಳದ ಗವಿಮಠದ ಜಾತ್ರೆಗೆ ಜನ ಟ್ರ್ಯಾಕ್ಟರು, ಟೆಂಪೊ, ಕ್ರೂಸರ್ ಕಟ್ಟಿಕೊಂಡು ಬರುತ್ತಾರೆ. ಅಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗುತ್ತಾರೆ. ಮನೆ ಗಾಡಿಯವರಿಗಿಂತ ಅವರಿಗೇ ರಾತ್ರಿ ತಂಗುವ ಜಾಗದಲ್ಲಿ ಶೌಚಾಲಯ ಜಾಸ್ತಿ ಬೇಕು. ಕೇರಳ 2021ರಲ್ಲೇ ಕ್ಯಾರವಾನ್ ನೀತಿ ಮಾಡಿ, ಗಾಡಿ ನಿಲ್ಲಿಸುವ ಪಾರ್ಕುಗಳಿಗೆ ದಾರಿ ಮಾಡಿತು. ನಾವು ಪಾರ್ಕು ಕೇಳುತ್ತಿಲ್ಲ. ರಾತ್ರಿ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ನಲ್ಲಿ, ದೀಪ, ಚಿಲಕ ಗಟ್ಟಿ ಇರುವ ನಾಲ್ಕು ಶೌಚಾಲಯ, ಅದರಲ್ಲಿ ಒಂದಾದರೂ ಮೊಣಕಾಲು ನೋವಿನವರು ಕೂರುವಂಥ ಕಮೋಡು. ಪಕ್ಕದಲ್ಲಿ ನಮ್ಮಂಥವರ ಗಾಡಿಯ ಶೌಚಾಲಯದ ಡಬ್ಬ ಖಾಲಿ ಮಾಡಲು ಮುಚ್ಚಳ ಇರುವ ಒಂದು ಗುಂಡಿ. ಇಷ್ಟನ್ನು ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ ಮಾಡಿಕೊಡಲಿ.

ಈ ಚಳಿಗಾಲದಲ್ಲೂ ಅತ್ತೆಯವರನ್ನು ಜಾತ್ರೆಗಳಿಗೆ ಕರೆದುಕೊಂಡು ಹೋಗುತ್ತೇವೆ. ಬಾಗಿಲು ತಟ್ಟಿದವರಿಗೆ ನಾನು ಇಲ್ಲ ಅನ್ನುವುದಿಲ್ಲ. ನಮ್ಮ ಗಾಡಿಯ ಡಬ್ಬ ಹಿಡಿಯುವುದು 20 ಲೀಟರ್. ಆ ರಾತ್ರಿ ಹನ್ನೊಂದು ಜನಕ್ಕೇ ತುಂಬಿತ್ತು.

ಇಂತಿ,
ನಿವೃತ್ತ ಸ್ಟಾಫ್ ನರ್ಸ್,
ಗಂಗಾವತಿ, ಕೊಪ್ಪಳ ಜಿಲ್ಲೆ