ಲೇಸರ್ ಒಂದೇ ತಣಿಸಿದ್ದಲ್ಲ

ಮಾನ್ಯ ಸಂಪಾದಕರೇ,

ಕ್ವಾಂಟಮ್ ತಂತ್ರಜ್ಞಾನದ ಸುದ್ದಿಗಳಿಗೆ ಕನ್ನಡ ಪತ್ರಿಕೆಗಳು ಈಚೆಗೆ ಜಾಗ ಕೊಡುತ್ತಿರುವುದು ಸಂತೋಷದ ವಿಷಯ. ಆದರೆ ‘ಲೇಸರ್‌ನಿಂದ ಪರಮಾಣುಗಳನ್ನು ನಿರಪೇಕ್ಷ ಶೂನ್ಯಕ್ಕೆ ತಣಿಸಲಾಯಿತು’ ಎಂಬಂಥ ವಾಕ್ಯ ಓದಿದ ವಿದ್ಯಾರ್ಥಿಗೆ ವಿಷಯ ತಿಳಿಯುವುದಕ್ಕಿಂತ ತಪ್ಪು ತಿಳಿಯುವುದೇ ಹೆಚ್ಚು. ಆ ಶೂನ್ಯವನ್ನು, ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್ ಎಂಬ ತಾಪಮಾನದ ಕಟ್ಟಕಡೆಯ ಮಿತಿಯನ್ನು, ಯಾರೂ ಮುಟ್ಟಿಲ್ಲ, ಮುಟ್ಟಲು ಸಾಧ್ಯವೂ ಇಲ್ಲ. ಲೇಸರ್‌ನ ಪಾತ್ರವನ್ನಂತೂ ಸ್ವಲ್ಪ ಬಿಡಿಸಿ ಹೇಳಬೇಕು.

ಅನಿಲದ ತಾಪಮಾನವೆಂದರೆ ಅದರ ಪರಮಾಣುಗಳ ಓಡಾಟದ ಅಳತೆ. ಕೋಣೆಯ ತಾಪಮಾನದಲ್ಲಿ ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ಚಲಿಸುತ್ತದೆ. ಅದು ಹೀರಬಲ್ಲ ಬೆಳಕಿಗಿಂತ ತುಸು ಕಡಿಮೆ ಆವರ್ತನಕ್ಕೆ ಲೇಸರನ್ನು ಹೊಂದಿಸಿದರೆ, ಡಾಪ್ಲರ್ ಪರಿಣಾಮದಿಂದಾಗಿ (ಎದುರಾಗಿ ಚಲಿಸುವ ವಸ್ತುವಿಗೆ ಬೆಳಕಿನ ಆವರ್ತನ ತುಸು ಹೆಚ್ಚಿದಂತಾಗುವುದರಿಂದ) ಕಿರಣಕ್ಕೆ ಎದುರಾಗಿ ಬರುವ ಪರಮಾಣುವೇ ಹೆಚ್ಚಾಗಿ ಫೋಟಾನ್ (ಬೆಳಕಿನ ಕಣ) ಹೀರಿಕೊಂಡು ವೇಗ ಕಳೆದುಕೊಳ್ಳುತ್ತದೆ. ಒಂದು ಫೋಟಾನ್ ತಗ್ಗಿಸುವ ವೇಗ ಸೆಕೆಂಡಿಗೆ ಸುಮಾರು 6 ಮಿಲಿಮೀಟರ್ ಅಷ್ಟೇ. ಹಾಗಾಗಿ ಒಂದೇ ಪರಮಾಣುವನ್ನು ನಿಲ್ಲಿಸಲು 50,000ದಷ್ಟು ಫೋಟಾನ್‌ಗಳು ಬೇಕು. 1985ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವನ್ ಚು ಮತ್ತು ಸಂಗಡಿಗರು ಆರು ಕಿರಣಗಳ ನಡುವೆ ಸೋಡಿಯಂ ಪರಮಾಣುಗಳನ್ನು ಹೀಗೆ ತಡೆದು ಸುಮಾರು 240 ಮೈಕ್ರೊಕೆಲ್ವಿನ್ (ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷ ಭಾಗಗಳಲ್ಲಿ 240 ಭಾಗದಷ್ಟು ಮೇಲೆ) ತಲುಪಿದರು. ವಿಲಿಯಂ ಫಿಲಿಪ್ಸ್ ಅವರ ತಂಡ ಅದಕ್ಕಿಂತಲೂ ಕೆಳಗಿಳಿಯಿತು.

ತೊಡಕಿರುವುದು ಇಲ್ಲಿಯೇ. ಹೀರಿದ ಬೆಳಕನ್ನು ಪರಮಾಣು ಯಾವುದಾದರೊಂದು ದಿಕ್ಕಿಗೆ ಉಗುಳುತ್ತದೆ, ಉಗುಳಿದಾಗಲೆಲ್ಲ ತಾನೂ ಅಲುಗುತ್ತದೆ. ವೇಗ ತಗ್ಗಿಸಿದ ಬೆಳಕೇ ಅದನ್ನು ಪೂರ್ತಿ ನಿಲ್ಲಲು ಬಿಡುವುದಿಲ್ಲ. ಆದ್ದರಿಂದ ಅಮೆರಿಕದ ಬೌಲ್ಡರ್‌ನಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ 1995ರಲ್ಲಿ ಲೇಸರ್‌ನಿಂದ ತಣಿದ ರುಬಿಡಿಯಂ ಪರಮಾಣುಗಳನ್ನು ಕಾಂತೀಯ ಬಲೆಯಲ್ಲಿ ಹಿಡಿದು, ಲೇಸರನ್ನು ಆರಿಸಿ, ಬಿಸಿ ಗಂಜಿಯಿಂದ ಹಬೆ ಹೋಗುವಂತೆ ಅತಿವೇಗದ ಪರಮಾಣುಗಳನ್ನು ಮಾತ್ರ ಹೊರಹೋಗಲು ಬಿಟ್ಟರು. ಉಳಿದವು 170 ನ್ಯಾನೊಕೆಲ್ವಿನ್ (ಒಂದು ನ್ಯಾನೊಕೆಲ್ವಿನ್ ಎಂದರೆ ಮೈಕ್ರೊಕೆಲ್ವಿನ್ನಿನ ಸಾವಿರದಲ್ಲೊಂದು ಭಾಗ) ಸಮೀಪಿಸಿದಾಗ ಅವುಗಳ ಅಲೆಗಳು (ಕ್ವಾಂಟಮ್ ನಿಯಮದಂತೆ ಪ್ರತಿ ಪರಮಾಣುವಿಗೂ ಅಲೆಯ ಗುಣವಿದ್ದು, ತಣಿದಷ್ಟೂ ಆ ಅಲೆ ಉದ್ದವಾಗುತ್ತದೆ) ಒಂದರ ಮೇಲೊಂದು ಚಾಚಿಕೊಂಡು, ಸಾವಿರಾರು ಪರಮಾಣುಗಳು ಒಂದೇ ಕ್ವಾಂಟಮ್ ಸ್ಥಿತಿಗೆ ಬಂದವು. ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಎನ್ನುವುದು ಇದನ್ನೇ. (1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು ಲೆಕ್ಕ ಹಾಕಿದ್ದು ಬೆಳಕಿನ ಕಣಗಳನ್ನು, ಅದನ್ನು ಪರಮಾಣುಗಳಿಗೆ ವಿಸ್ತರಿಸಿದವರು ಐನ್‌ಸ್ಟೈನ್. ಬೋಸರ ಹೆಸರನ್ನು ಹೆಮ್ಮೆಯಿಂದ ಅಚ್ಚುಹಾಕುವ ನಾವು ಅವರ ಕೆಲಸಕ್ಕೆ ಒಂದು ಸಾಲನ್ನೂ ಮೀಸಲಿಡುವುದಿಲ್ಲ.)

ಇಂಥ ಪ್ರಯೋಗಕ್ಕೆ ಬೇಕಾದ ನಿರ್ವಾತ ವ್ಯವಸ್ಥೆಯನ್ನು ಪ್ರತಿ ಕಾಲೇಜಿನಲ್ಲೂ ಸ್ಥಾಪಿಸುವುದು ಆಗದ ಮಾತು. ಆದರೆ ಮಂಗಳೂರಿನ ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಫೋಟಾನ್ ತಳ್ಳುವ ಹಂತವನ್ನೂ ಹಬೆಯಾಗಿ ಹೋಗುವ ಹಂತವನ್ನೂ ಬೇರೆಬೇರೆಯಾಗಿ ತೋರಿಸುವ ಕನ್ನಡದ ಮಾದರಿಯೊಂದನ್ನು ಇಡಬಹುದು. ಸುರತ್ಕಲ್, ಕೊಣಾಜೆ, ಮಣಿಪಾಲದ ಭೌತವಿಜ್ಞಾನ ಅಧ್ಯಾಪಕರು ಅದನ್ನು ರೂಪಿಸಲು ನೆರವಾಗಬಹುದು. ಪತ್ರಿಕೆಯವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಇಂಥ ಸುದ್ದಿ ಪ್ರಕಟಿಸುವಾಗ ತಲುಪಿದ ತಾಪಮಾನವನ್ನು ಅಂಕಿಯಲ್ಲಿ ಕೊಟ್ಟು, ಅದು ಯಾವ ವಿಧಾನದಿಂದ ಸಾಧ್ಯವಾಯಿತೆಂಬುದನ್ನೂ ತಿಳಿಸಬೇಕು.

– ಓದುಗ, ಉಡುಪಿ