ಫೌಂಟನ್ ಸಿಟಿಯ ಇಟ್ಟಿಗೆ ಮನೆ

ಪ್ರೀತಿಯ ಅಮ್ಮನಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಮೊನ್ನೆ ಕಳಿಸಿದ ಫೋಟೊ ನೋಡಿ, "ಆ ಕೆಂಪು ಇಟ್ಟಿಗೆ ಮನೆ ಯಾರದು? ಅದರಲ್ಲಿ ನೋಡೋಕೆ ಏನಿದೆ?" ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅದು ಅಮೆರಿಕದ ಇಂಡಿಯಾನಾ ರಾಜ್ಯದ ಫೌಂಟನ್ ಸಿಟಿ ಅನ್ನುವ ಸಣ್ಣ ಊರು. ಹಿಂದೆ ನ್ಯೂಪೋರ್ಟ್ ಅನ್ನುತ್ತಿದ್ದರು. ಮನೆ ಲೆವಿ ಕಾಫಿನ್ ಮತ್ತು ಅವರ ಹೆಂಡತಿ ಕ್ಯಾಥರೀನ್ ಅವರದು, 1839ರಲ್ಲಿ ಕಟ್ಟಿದ್ದು. ಇಬ್ಬರೂ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು. 1826ರಲ್ಲಿ ನಾರ್ತ್ ಕೆರೊಲಿನಾ ಬಿಟ್ಟು ಬಂದು ಇಲ್ಲಿ ಅಂಗಡಿ ಇಟ್ಟರು. ಆಗ ದಕ್ಷಿಣದಲ್ಲಿ ಕಪ್ಪು ಜನರನ್ನು ಮಾರುತ್ತಿದ್ದರು, ಕೊಳ್ಳುತ್ತಿದ್ದರು. ತಪ್ಪಿಸಿಕೊಂಡವರು ಒಹಾಯೊ ನದಿ ದಾಟಿದರೆ ಗುಲಾಮಗಿರಿ ಇಲ್ಲದ ರಾಜ್ಯ ಸಿಗುತ್ತಿತ್ತು, ನಿಜ. ಆದರೆ ಅಲ್ಲಿಗೆ ಮುಗಿಯುತ್ತಿರಲಿಲ್ಲ. 1793ರ ಕಾಯ್ದೆಯಂತೆ ಒಡೆಯ ಇಲ್ಲಿಗೂ ಬಂದು ಹಿಡಿದೊಯ್ಯಬಹುದಿತ್ತು. ಅಡಗಿಸಿಟ್ಟವರಿಗೆ 500 ಡಾಲರ್ ದಂಡ. ಹಾಗಾಗಿ ಅವರನ್ನು ಮನೆಯಿಂದ ಮನೆಗೆ ದಾಟಿಸುತ್ತಾ, ಈ ಕಾಯ್ದೆ ತಲುಪದ ಕೆನಡಾ ಕಡೆಗೆ ಕಳಿಸುತ್ತಿದ್ದರು. ಇದಕ್ಕೆ 'ಅಂಡರ್‌ಗ್ರೌಂಡ್ ರೈಲ್‌ರೋಡ್' ಅಂತ ಹೆಸರು; ರೈಲೇನೂ ಇರಲಿಲ್ಲ, ಗುಟ್ಟಿನ ದಾರಿ ಅಷ್ಟೇ. ಒಹಾಯೊ ನದಿ ದಂಡೆಯ ಊರುಗಳಾದ ಸಿನ್ಸಿನಾಟಿ, ಮ್ಯಾಡಿಸನ್, ಜೆಫರ್ಸನ್‌ವಿಲ್ ಕಡೆಯಿಂದ ಬರುವ ದಾರಿಗಳು ಈ ಊರಲ್ಲೇ ಕೂಡುತ್ತಿದ್ದವು.

ಮಹಡಿಯ ಮಲಗುವ ಕೋಣೆಯಲ್ಲಿ ಮಾಡಿನ ಇಳಿಜಾರಿನ ಕೆಳಗೆ ಒಂದು ಸಣ್ಣ ಬಾಗಿಲಿದೆ. ಜನರನ್ನು ಒಳಗೆ ಕಳಿಸಿ ಮಂಚ ಅಡ್ಡ ಸರಿಸಿದರೆ ಬಾಗಿಲೇ ಕಾಣುವುದಿಲ್ಲ. ಬಂದವರೆಲ್ಲ ಫೋಟೊ ತೆಗೆದದ್ದು ಇದನ್ನೇ. ನನ್ನ ಮನಸ್ಸು ನಿಂತದ್ದು ಮಾತ್ರ ನೆಲಮಾಳಿಗೆಯಲ್ಲಿ. ಅಲ್ಲಿ ಮನೆಯೊಳಗೇ ಒಂದು ಬಾವಿ ಇದೆ. ಯಾಕೆ ಗೊತ್ತಾ? ಹೊರಗಿನ ಬಾವಿಯಿಂದ ಕೊಡಗಟ್ಟಲೆ ನೀರು ಒಳಗೆ ಹೋದರೆ ಈ ಮನೆಯಲ್ಲಿ ಇಷ್ಟು ನೀರು ಯಾರಿಗೆ ಅಂತ ನೋಡಿದವರಿಗೆ ಅನುಮಾನ ಬರುತ್ತದೆ, ಅಲ್ವಾ? ಹತ್ತು ಜನರನ್ನು ಬಚ್ಚಿಡುವುದು ಅಂದರೆ ಹತ್ತು ಜನರ ನೀರು, ಊಟ, ಬಟ್ಟೆ, ಹಾಸಿಗೆ ಎಲ್ಲವನ್ನೂ ಬಚ್ಚಿಡಬೇಕು. ಮನೆ ನಡೆಸಿದವರಿಗೆ ಮಾತ್ರ ಇದು ತಕ್ಷಣ ಅರ್ಥವಾಗುತ್ತದೆ. ನಿನಗೆ ಆಗುತ್ತದೆ.

ರಾತ್ರಿ ಬಾಗಿಲು ಮೆಲ್ಲಗೆ ಬಡಿದರೆ ಕ್ಯಾಥರೀನ್ ಎದ್ದು ಕಿಟಕಿ ಮುಚ್ಚಿ, ಒಲೆ ಹಚ್ಚಿ ಅಡುಗೆಗೆ ನಿಲ್ಲುತ್ತಿದ್ದರು. ಒಂದು ರಾತ್ರಿ ಗಾಡಿಯವನನ್ನು "ಯಾರನ್ನು ಕರೆತಂದೆ?" ಅಂತ ಕೇಳಿದರಂತೆ. "ಇಡೀ ಕೆಂಟಕಿ" ಅಂದನಂತೆ ಅವನು. ಕೆಂಟಕಿ ಅಂದರೆ ನದಿಯ ಆಚೆ, ಗುಲಾಮಗಿರಿ ಇದ್ದ ರಾಜ್ಯ. "ಹಾಗಾದರೆ ಇಡೀ ಕೆಂಟಕಿಯನ್ನೇ ಒಳಗೆ ಕರೆದುಕೊಂಡು ಬಾ" ಅಂದರಂತೆ ಇವರು. ಇಳಿದವರು 17 ಜನ! ಲೆವಿಯವರೇ ಮುಂದೆ ಇದನ್ನು ಬರೆದಿಟ್ಟಿದ್ದಾರೆ. ವರ್ಷಕ್ಕೆ ಸುಮಾರು ನೂರು ಜನ ಬರುತ್ತಿದ್ದರು ಅಂತ ಅವರ ಲೆಕ್ಕ. ಹೀಗೆ ಈ ಊರಲ್ಲಿ ಇಪ್ಪತ್ತು ವರ್ಷ, ಈ ಮನೆ ಕಟ್ಟುವ ಮುಂಚಿನ ವರ್ಷಗಳೂ ಸೇರಿ. ಬಂದವರ ಬಟ್ಟೆ ಹರಿದಿರುತ್ತಿತ್ತು, ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ. ಊರಿನ ಹೆಂಗಸರು ಈ ಮನೆಯಲ್ಲಿ ಸೇರಿ ಅವರಿಗೆ ಬಟ್ಟೆ ಹೊಲಿಯುತ್ತಿದ್ದರು. ಆದರೂ ಮನೆಯನ್ನು ಬಹಳ ಕಾಲ 'ಲೆವಿ ಕಾಫಿನ್ ಮನೆ' ಅಂತಲೇ ಕರೆಯುತ್ತಿದ್ದರು; ಈಗ ಈ ಸ್ಥಳದ ಹೆಸರಿನಲ್ಲಿ ಕ್ಯಾಥರೀನ್ ಹೆಸರೂ ಸೇರಿದೆ. ಮೊದಲಿಂದಲೂ ಇಬ್ಬರ ಹೆಸರೂ ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸಿತು.

ಇನ್ನೊಂದು ವಿಷಯ. ಕಾಫಿನ್ ದಂಪತಿ ಶುರು ಮಾಡುವ ಮೊದಲೇ ಓಡಿ ಬಂದವರಿಗೆ ಜಾಗ ಕೊಡುತ್ತಿದ್ದವರು ಇಲ್ಲಿನ ಸ್ವತಂತ್ರ ಕಪ್ಪು ಕುಟುಂಬಗಳು. ಹಿಡಿಯುವವರು ಮೊದಲು ನುಗ್ಗುತ್ತಿದ್ದದ್ದೂ ಅವರ ಮನೆಗಳಿಗೇ. ಅವರ ಪಾಲಿಗೆ ಅಪಾಯ ಎಷ್ಟೋ ಪಟ್ಟು ಜಾಸ್ತಿ. ವಿಲಿಯಂ ಬುಷ್ ಅನ್ನುವವರು ಹೀಗೆ ತಪ್ಪಿಸಿಕೊಂಡು ಬಂದು, ಮುಂದೆ ಹೋಗದೆ ಇಲ್ಲೇ ನಿಂತು, ಕಮ್ಮಾರರಾಗಿ ಬದುಕಿದರು. ಅವರು ಹಾಕಿಕೊಂಡು ಬಂದ ಮರದ ಬೂಟುಗಳನ್ನು ಇಲ್ಲಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಅದನ್ನು ನೋಡಿ ಪುಟ್ಟಿ, "ಇದು ಹಾಕ್ಕೊಂಡು ಓಡೋಕಾಗುತ್ತಾ?" ಅಂದಳು. ನನ್ನ ಕಣ್ಣು ತುಂಬಿತು.

1847ರಲ್ಲಿ ದಂಪತಿ ಸಿನ್ಸಿನಾಟಿಗೆ ಹೋದರು. ಗುಲಾಮರ ಕೈಯಲ್ಲಿ ಬೆಳೆಸದ ಹತ್ತಿ, ಸಕ್ಕರೆ ಮಾತ್ರ ಮಾರುವ ಅಂಗಡಿ ನಡೆಸಲು. ಅಲ್ಲೂ ಜನರನ್ನು ಬಚ್ಚಿಟ್ಟು ಕಳಿಸುವುದನ್ನು ಬಿಡಲಿಲ್ಲ.

ನೀನು ಇಲ್ಲಿಗೆ ಬಂದಾಗ ಖಂಡಿತ ಕರೆದುಕೊಂಡು ಹೋಗುತ್ತೇನೆ. ಆ ಅಡುಗೆ, ನೀರಿನ ವ್ಯವಸ್ಥೆ ಬಗ್ಗೆ ಗೈಡ್ ಹತ್ತಿರ ನೀನೇ ಕೇಳು, ನನಗೆ ಹೊಳೆಯದ ಪ್ರಶ್ನೆಗಳು ನಿನಗೆ ಹೊಳೆಯುತ್ತವೆ. ಅಪ್ಪನಿಗೂ ಚಿಕ್ಕಮ್ಮನಿಗೂ ಇದನ್ನು ಓದಿ ಹೇಳು.

ನಿನ್ನ ಪ್ರೀತಿಯ ಮಗಳು